ಹಳೆ ಇಂಪಾಲಾಕ್ಕೆ ಓವರ್‌ಡ್ರೈವ್ ಗೇರ್‌ಬಾಕ್ಸ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಹಳೆ ಇಂಪಾಲಾ, ಅಂದರೆ ಅಮೆರಿಕದ ಶೆವರ್ಲೆ ಕಂಪನಿಯ ದೊಡ್ಡ ಕಾರು, ಶೆಡ್ಡಿನಿಂದ ಹೊರಗೆ ಬಂದರೆ ಸಾಕು. ಪಂಪಿನಲ್ಲಿ ಪೈಪು ಹಿಡಿದ ಹುಡುಗನಿಂದ ಹಿಡಿದು ಬೆಳಗಾವಿ ಪಕ್ಕದ ಕಾಕತಿ ಹತ್ತಿರ ಚಹಾ ಕುಡಿಯುತ್ತಿರುವ ಲಾರಿ ಡ್ರೈವರ್ ತನಕ ಎಲ್ಲರದ್ದೂ ಒಂದೇ ಪ್ರಶ್ನೆ. "ಸಾಹೇಬ್ರ, ಆವರೇಜ್ ಎಷ್ಟ್ ಕೊಡತೈತ್ರಿ?" ಲೀಟರಿಗೆ ಐದೋ ಆರೋ ಎಂದು ಹೇಳಿದರೆ ಒಂದು ನಗು. ಆ ನಗು ಕೇಳಿ ಕೇಳಿ ಬೇಸತ್ತವರಿಗೆ ಗ್ಯಾರೇಜಿನಲ್ಲಿ ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. ಹಳೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಳಗಿಳಿಸಿ, ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತು ತಿರುಗಿದರೆ ಸಾಕಾಗುವ ಕೊನೆಯ ಗೇರು) ಇರುವುದನ್ನು ಕೂರಿಸಿ, ಆವರೇಜ್ ತಾನೇ ಏರುತ್ತೆ ಅಂತ.

ಏರುತ್ತೆ, ಸುಳ್ಳಲ್ಲ. ಆದರೆ ಎಲ್ಲಿ ಏರುತ್ತೆ, ಯಾಕೆ ಏರುತ್ತೆ ಎಂದು ಗೊತ್ತಿಲ್ಲದೆ ಕೈ ಹಾಕಿದರೆ ಲಕ್ಷಗಟ್ಟಲೆ ಸುರಿದ ಮೇಲೂ ಪಂಪಿನ ಹುಡುಗನಿಗೆ ಹೇಳುವ ಉತ್ತರ ಹೆಚ್ಚೇನೂ ಬದಲಾಗದಿರಬಹುದು.

ನಮ್ಮ ಕಡೆಯ ಹಳೆ ಕಾರುಗಳೆಂದರೆ ಜಾಸ್ತಿ ಅಂಬಾಸಡರ್, ಫಿಯಟ್. ಅವು ಮ್ಯಾನ್ಯುಯಲ್ ಗೇರಿನವು, ಈ ಲೇಖನ ಅವುಗಳಿಗಲ್ಲ. ಇಲ್ಲಿ ಉದಾಹರಣೆಗೆ ಹಿಡಿದಿರುವುದು 1960ರ ದಶಕದ ಶೆವರ್ಲೆ ಇಂಪಾಲಾ. ಅಂಥ ಬಹಳಷ್ಟು ಗಾಡಿಗಳಲ್ಲಿ ಇದ್ದದ್ದು ಪವರ್‌ಗ್ಲೈಡ್ ಎಂಬ ಆಟೋಮ್ಯಾಟಿಕ್. 1950ರಲ್ಲಿ ಬಂದು 1973ರ ತನಕ ನಡೆದ ಗೇರ್ ಪೆಟ್ಟಿಗೆ ಅದು. ಗಟ್ಟಿ, ಸರಳ. ಮುಂದಕ್ಕೆ ಇರುವುದು ಎರಡೇ ಗೇರು. ಮೊದಲನೆಯದರ ಅನುಪಾತ 1.82 ಅಥವಾ 1.76. ಎರಡನೆಯದು 1.00. ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಒಂದೇ ಸುತ್ತು.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಟಯರ್ ಒಂದು ಸುತ್ತಿಗೆ ಸುಮಾರು 2.15 ಮೀಟರ್ ಉರುಳುತ್ತದೆ, ಹಿಂದಿನ ಡಿಫರೆನ್ಷಿಯಲ್ ಅನುಪಾತ 3.36, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟಿನದು 3.36 ಸುತ್ತು ಎಂದುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 1,667 ಮೀಟರ್ ಹೋಗಬೇಕು. ಚಕ್ರ 775 ಸುತ್ತು ತಿರುಗುತ್ತದೆ. ಅದನ್ನು 3.36ರಿಂದ ಗುಣಿಸಿದರೆ ಶಾಫ್ಟಿನ ಸುತ್ತು ಸುಮಾರು 2,600. ಟಾಪ್ ಗೇರ್ 1.00 ಆದ್ದರಿಂದ ಎಂಜಿನ್ನಿಗೂ ಅಷ್ಟೇ ಇರಬೇಕಿತ್ತು. ಆದರೆ ಇರುವುದಿಲ್ಲ, ಇನ್ನೂ ಜಾಸ್ತಿ ಇರುತ್ತದೆ. ಆ ಕಥೆ ಮುಂದೆ ಬರುತ್ತದೆ.

ಇದೇ ಗಾಡಿಗೆ 0.70 ಅನುಪಾತದ ಓವರ್‌ಡ್ರೈವ್ ಗೇರು ಇದ್ದಿದ್ದರೆ? 2,600ರ ಬದಲು 1,820. ವೇಗ ಅದೇ, ರಸ್ತೆ ಅದೇ, ಎಂಜಿನ್ ಮಾತ್ರ ಆರಾಮಾಗಿ ತಿರುಗುತ್ತದೆ.

ಇಲ್ಲಿ ಒಂದು ಸಂಶಯ ಬರಬೇಕು. ಗಾಡಿಯನ್ನು 100ರಲ್ಲಿ ಓಡಿಸಲು ಬೇಕಾದ ಶಕ್ತಿ ಗೇರು ಬದಲಿಸಿದರೆ ಕಡಿಮೆ ಆಗುತ್ತಾ? ಇಲ್ಲ. ಗಾಳಿ ತಳ್ಳುವುದು ಅಷ್ಟೇ, ಟಯರ್ ಎಳೆಯುವುದೂ ಅಷ್ಟೇ. ಹಾಗಾದರೆ ಪೆಟ್ರೋಲ್ ಎಲ್ಲಿಂದ ಉಳಿಯಬೇಕು?

ಉಳಿಯುವುದು ಎಂಜಿನ್ ತನಗಾಗಿಯೇ ತಿನ್ನುವ ಪಾಲಿನಲ್ಲಿ. ಪಿಸ್ಟನ್ ಸಿಲಿಂಡರಿಗೆ ಉಜ್ಜುತ್ತದೆ, ಬೇರಿಂಗು ತಿರುಗಬೇಕು, ವಾಲ್ವ್ ಸ್ಪ್ರಿಂಗ್ ಒತ್ತಬೇಕು, ಆಯಿಲ್ ಪಂಪು, ನೀರಿನ ಪಂಪು, ಫ್ಯಾನು ಎಲ್ಲ ನಡೆಯಬೇಕು. ಇದು ಖಡೇಬಜಾರದ ಅಂಗಡಿ ಬಾಡಿಗೆ ಇದ್ದ ಹಾಗೆ. ವ್ಯಾಪಾರ ಆಗಲಿ ಬಿಡಲಿ, ಕಟ್ಟಲೇಬೇಕು. ಎಂಜಿನ್ ತಿರುಗುವ ಪ್ರತಿ ಸುತ್ತಿಗೂ ಅದು ಲೆಕ್ಕಕ್ಕೆ ಬೀಳುತ್ತದೆ. ಸುತ್ತು ಕಡಿಮೆ ಆದರೆ ಅದೂ ಇಳಿಯುತ್ತದೆ.

ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ನಷ್ಟವಿದೆ, ಅದು ಬಹಳ ಜನರಿಗೆ ಹೊಳೆಯುವುದಿಲ್ಲ. 1965ರ ಇಂಪಾಲಾದ 4.6 ಲೀಟರ್ ವಿ8 ಎಂಜಿನ್ ಕಾಗದದ ಮೇಲೆ 195 ಹಾರ್ಸ್‌ಪವರಿನದು. ಸಮತಟ್ಟು ಹೈವೇಯಲ್ಲಿ 100ರಲ್ಲಿ ಹೋಗಲು ಇಂಥ ಗಾಡಿಗೆ ಬೇಕಾಗುವುದು ಅಂದಾಜು 30. ಅಂದರೆ ಕಾರ್ಬ್ಯುರೇಟರಿನ ಬಾಗಿಲು ಪೂರ್ತಿ ತೆರೆಯುವುದೇ ಇಲ್ಲ, ಸಣ್ಣ ಸಂದಿಯಷ್ಟು ಮಾತ್ರ ತೆರೆದಿರುತ್ತದೆ. ಎಂಟು ಪಿಸ್ಟನ್ನೂ ಆ ಸಂದಿಯಿಂದ ಗಾಳಿ ಎಳೆಯಲು ಗುದ್ದಾಡುತ್ತವೆ. ಆ ಗುದ್ದಾಟಕ್ಕೂ ಪೆಟ್ರೋಲ್ ಬೇಕು. ಸುತ್ತು ಕಡಿಮೆ ಮಾಡಿದರೆ ಅದೇ 30 ಹಾರ್ಸ್‌ಪವರ್ ಕೊಡಲು ಬಾಗಿಲನ್ನು ಇನ್ನಷ್ಟು ತೆರೆಯಬೇಕಾಗುತ್ತದೆ. ಎಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತುತ್ತೀರಿ, ಪೆಟ್ರೋಲ್ ಮಾತ್ರ ಕಡಿಮೆ ಖರ್ಚಾಗುತ್ತದೆ. ಮೊದಲ ಸಲ ಕೇಳಿದಾಗ ಉಲ್ಟಾ ಅನಿಸುತ್ತೆ, ಅಲ್ವಾ? ಆದರೆ ಎಂಜಿನ್ ಉಸಿರಾಡಲು ಪಡುವ ಕಷ್ಟ ಇಳಿದದ್ದೇ ಆ ಲಾಭದ ಗುಟ್ಟು.

ಎಣ್ಣೆಯಲ್ಲಿ ಜಾರುವ ಸುತ್ತುಗಳು

ಈಗ ಬಾಕಿ ಇಟ್ಟ ಕಥೆ. ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಅದರ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇದೆ. ಬನ್ನಿನಂತೆ ದುಂಡಗಿನ ಉಕ್ಕಿನ ಡಬ್ಬಿ, ಒಳಗೆ ತುಂಬ ಎಣ್ಣೆ. ಎಂಜಿನ್ ಕಡೆ ಒಂದು ರೆಕ್ಕೆಚಕ್ರ, ಗೇರ್‌ಬಾಕ್ಸ್ ಕಡೆ ಇನ್ನೊಂದು. ಎಂಜಿನ್ನಿನದು ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆ ಹೋಗಿ ಇನ್ನೊಂದನ್ನು ತಿರುಗಿಸುತ್ತದೆ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರವಿದೆ. ಅದು ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಎಂಜಿನ್ನಿಗೆ ಸಹಾಯ ಆಗುವ ಹಾಗೆ ಕಳಿಸುತ್ತದೆ. ಗಾಡಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಎಳೆತ ಹತ್ತಿರ ಹತ್ತಿರ ಎರಡು ಪಟ್ಟು ಆಗುವುದು ಈ ಸ್ಟೇಟರಿನಿಂದಲೇ. ಬರೀ ಎರಡು ಗೇರಿನ ಪವರ್‌ಗ್ಲೈಡ್ ಅಷ್ಟು ದೊಡ್ಡ ಗಾಡಿಯನ್ನು ಎಳೆದದ್ದು ಇದರ ದಯೆಯಿಂದ.

ತೊಂದರೆ ಏನೆಂದರೆ ಹೈವೇಯಲ್ಲಿಯೂ ಈ ಎರಡು ಚಕ್ರಗಳು ಒಂದೇ ವೇಗದಲ್ಲಿ ತಿರುಗುವುದಿಲ್ಲ. ಎರಡನೆಯದು ಸದಾ ಸ್ವಲ್ಪ ಹಿಂದೆ. ಶೇ. 5ರಷ್ಟು ಜಾರುತ್ತದೆ ಎಂದು ಹಿಡಿದರೂ ನಮ್ಮ 2,600 ಸುತ್ತು 2,740ರ ಹತ್ತಿರ ಹೋಗುತ್ತದೆ. ಜಾರಿದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಎಣ್ಣೆಯನ್ನು ಕಾಯಿಸುತ್ತದೆ ಅಷ್ಟೇ.

ಇದಕ್ಕೆ ಮದ್ದು ಲಾಕ್‌ಅಪ್ ಕ್ಲಚ್. ಗಾಡಿ ಓಟ ಹಿಡಿದ ಮೇಲೆ ಕನ್ವರ್ಟರ್ ಒಳಗಿನ ಒಂದು ಪ್ಲೇಟು ಎರಡೂ ಕಡೆಯನ್ನು ಸೇರಿಸಿ ಹಿಡಿಯುತ್ತದೆ. ಜಾರುವುದು ನಿಂತಿತು. ಈ ಯೋಚನೆ ಹೊಸದೇನಲ್ಲ, 1949ರಲ್ಲೇ ಪ್ಯಾಕರ್ಡ್ ಕಂಪನಿ ಹಾಕಿತ್ತು. ಆದರೆ ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ ಇದ್ದಾಗ ಯಾರಿಗೂ ಅದರ ಚಿಂತೆ ಇರಲಿಲ್ಲ. 1973ರ ತೈಲ ಬಿಕ್ಕಟ್ಟು ಬಂತು, 1975ರಲ್ಲಿ ಅಲ್ಲಿನ ಸರ್ಕಾರ ಕಾರು ಕಂಪನಿಗಳಿಗೆ ಆವರೇಜಿನ ಮಿತಿ ಹಾಕುವ ಕಾನೂನು ಮಾಡಿತು. ಆಮೇಲೆ ಎಲ್ಲರಿಗೂ ಲಾಕ್‌ಅಪ್ ನೆನಪಾಯಿತು, ಓವರ್‌ಡ್ರೈವೂ ನೆನಪಾಯಿತು. ಜನರಲ್ ಮೋಟರ್ಸ್ 1981ರಲ್ಲಿ 200-4ಆರ್, 1982ರಲ್ಲಿ 700ಆರ್4 ಎಂಬ ನಾಲ್ಕು ಗೇರಿನ ಪೆಟ್ಟಿಗೆಗಳನ್ನು ತಂದಿತು. ಹಳೆ ಶೆವರ್ಲೆಗೆ ಜನ ಹುಡುಕುವುದು ಇವೆರಡನ್ನೇ. ಮೊದಲನೆಯದರ ಟಾಪ್ ಗೇರ್ 0.67, ಎರಡನೆಯದರದು 0.70. ಎರಡರಲ್ಲೂ ಲಾಕ್‌ಅಪ್ ಇದೆ. ಹಾಗಾಗಿ ನಿಜವಾದ ಹೋಲಿಕೆ 2,740 ಮತ್ತು 1,820ರ ನಡುವೆ. ಮೂರರಲ್ಲಿ ಒಂದು ಪಾಲು ಸುತ್ತು ಕಡಿಮೆ.

ಗೇರು ಎಷ್ಟಿವೆ ಎನ್ನುವುದರಿಂದ ಮೋಸ ಹೋಗಬೇಡಿ. ಎರಡು ಗೇರಿನದನ್ನು ತೆಗೆದು ಮೂರು ಗೇರಿನ ಟಿಎಚ್350 ಹಾಕಿದವರಿದ್ದಾರೆ. ಅದರ ಟಾಪ್ ಗೇರೂ 1.00. ಪಿಕಪ್ ಚೆನ್ನಾಗಿ ಆಗುತ್ತದೆ, ಹೈವೇ ಸುತ್ತು ಒಂದೂ ಇಳಿಯುವುದಿಲ್ಲ. ಹಳೆ ಮರ್ಸಿಡಿಸ್ ಡಬ್ಲ್ಯು123 ಆಟೋಮ್ಯಾಟಿಕ್‌ನಲ್ಲಿ ನಾಲ್ಕು ಗೇರು ಇವೆ, ಅಲ್ಲೂ ನಾಲ್ಕನೆಯದು 1.00. ಕೊನೆಯ ಗೇರಿನ ಸಂಖ್ಯೆ ಒಂದಕ್ಕಿಂತ ಕಡಿಮೆ ಇದೆಯಾ ಎಂದು ಕೇಳಿ, ಉಳಿದದ್ದು ಆಮೇಲೆ.

ಡಿಫರೆನ್ಷಿಯಲ್ಲಿನ ಕ್ರೌನ್-ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ಬದಲಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. 3.36 ತೆಗೆದು 2.73 ಹಾಕಿದರೆ ಶಾಫ್ಟಿನ ಸುತ್ತು 2,116ಕ್ಕೆ ಇಳಿಯುತ್ತದೆ, ಖರ್ಚೂ ಕಡಿಮೆ. ಆದರೆ ಮೊದಲ ಗೇರಿನ ಲೆಕ್ಕ ನೋಡಿ. ಈಗಿರುವುದು 1.82 ಗುಣಿಸು 3.36, ಅಂದರೆ 6.1. ಬದಲಿಸಿದ ಮೇಲೆ 4.97. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಚೋರ್ಲಾ ಘಾಟ್ ಹತ್ತುವಾಗ ಇದು ಏನು ಅಂತ ಗೊತ್ತಾಗುತ್ತೆ. 700ಆರ್4ನ ಮೊದಲ ಗೇರು 3.06. ಹಳೆ ಡಿಫರೆನ್ಷಿಯಲ್ ಜೊತೆಗೇ ಅದು 10.3 ಆಗುತ್ತದೆ. ಹೊರಡುವಾಗಲೂ ಬಲ, ಓಡುವಾಗಲೂ ಆರಾಮ. ಈ ಕೆಲಸದಲ್ಲಿ ನನಗೆ ನಿಜಕ್ಕೂ ಇಷ್ಟ ಆಗುವುದು ಇದೇ.

ನಮ್ಮ ರಸ್ತೆಗಳಲ್ಲಿ

ಬೆಳಗಾವಿಯಿಂದ ಕೊಲ್ಹಾಪುರ ಅಥವಾ ಧಾರವಾಡದ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಓವರ್‌ಡ್ರೈವಿಗೆ ಬೇಕಾದ ರಸ್ತೆ ಸಿಗುತ್ತದೆ. ಹಿರೇಬಾಗೇವಾಡಿ ದಾಟಿ ಕಿತ್ತೂರಿನ ಕಡೆ ಒಂದೇ ವೇಗದಲ್ಲಿ ಹೋಗಬಹುದು. ಕೊಲ್ಹಾಪುರದ ಕಡೆ ವಂಟಮೂರಿ ಘಾಟ್, ನಿಪ್ಪಾಣಿಯ ಮುಂಚೆ ತವಂದಿ ಘಾಟ್ ಬರುತ್ತವೆ. ಅಲ್ಲಿ ಓವರ್‌ಡ್ರೈವಿನಲ್ಲೇ ಒತ್ತಿ ಹತ್ತಿಸಬಾರದು. 80ರಲ್ಲಿ ಓವರ್‌ಡ್ರೈವ್ ಎಂದರೆ ಎಂಜಿನ್ ಸುಮಾರು 1,450 ಸುತ್ತಿನಲ್ಲಿರುತ್ತದೆ. ಸಮತಟ್ಟಿಗೆ ಸರಿ, ಏರಿಗೆ ಸಾಲದು. ಎಂಜಿನ್ ಗುಡುಗುಡು ಎಂದು ಒದ್ದಾಡುತ್ತದೆ, ಪೆಟ್ಟಿಗೆ ಮೂರಕ್ಕೆ ಇಳಿಯುತ್ತದೆ, ಮತ್ತೆ ನಾಲ್ಕಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಎಣ್ಣೆ ಕಾಯುತ್ತದೆ. ಲಿವರನ್ನು ಒಂದು ಮನೆ ಕೆಳಗಿಟ್ಟು ಮೂರನೆಯ ಗೇರಿನಲ್ಲಿ ಹತ್ತಿಸುವುದೇ ಸರಿ.

ಊರೊಳಗೆ ಕಥೆ ಬೇರೆ. ಚನ್ನಮ್ಮ ವೃತ್ತದಿಂದ ಗೋವಾವೇಸ್‌ಗೆ ಹೋಗುವಷ್ಟರಲ್ಲಿ ನಾಲ್ಕನೆಯ ಗೇರು ಬೀಳುವ ಸಂದರ್ಭವೇ ಬರುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತ ವಿ8 ಯಾವ ಪೆಟ್ಟಿಗೆ ಇದ್ದರೂ ಕುಡಿಯುವಷ್ಟು ಕುಡಿಯುತ್ತದೆ. ಮೊದಲ ಗೇರು ಬಲವಾಗಿರುವುದರಿಂದ ಎಣ್ಣೆಯಲ್ಲಿ ಜಾರುವ ಹೊತ್ತು ಕಡಿಮೆ ಆಗಿ ಚೂರು ಲಾಭ ಸಿಕ್ಕೀತು. ಬರೀ ಊರಲ್ಲಿ ಓಡುವ ಗಾಡಿಗೆ ಇದಕ್ಕಾಗಿ ಪೆಟ್ಟಿಗೆ ಬದಲಿಸುವುದು ದಂಡ.

ಇಳಿಜಾರಿನ ಮಾತು ಹೇಳಲೇಬೇಕು, ಯಾಕೆಂದರೆ ಆವರೇಜಿನ ಗದ್ದಲದಲ್ಲಿ ಅದು ಮರೆತು ಹೋಗುತ್ತೆ. ಇಂಥ ಬಹಳಷ್ಟು ಗಾಡಿಗಳಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಜಾಂಬೋಟಿ, ಕಣಕುಂಬಿ ದಾಟಿ ಗೋವಾ ಕಡೆ ಇಳಿಯುವಾಗ ಪವರ್‌ಗ್ಲೈಡಿನಲ್ಲಿ ಎಂಜಿನ್ ಬ್ರೇಕಿಗೆ ಇರುವುದು ಒಂದೇ ಕೆಳಗಿನ ಗೇರು. ನಾಲ್ಕು ಗೇರಿನದರಲ್ಲಿ ಎರಡನೆಯ ಗೇರಿಗೆ ಲಿವರ್ ಇಟ್ಟು ನಿಧಾನ ಇಳಿಯಬಹುದು, ಡ್ರಮ್ ಸುಡುವುದಿಲ್ಲ. ನನ್ನನ್ನು ಕೇಳಿದರೆ ಪೆಟ್ರೋಲಿಗಿಂತ ಇದು ದೊಡ್ಡ ಕಾರಣ.

ಕೂರಿಸುವ ಕೆಲಸ

ಶೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿನ ಹಿಂಬದಿಯ ಬೋಲ್ಟ್ ತೂತುಗಳಿಗೆ ಈ ಪೆಟ್ಟಿಗೆಗಳು ಕೂರುತ್ತವೆ. ಅಲ್ಲಿಗೆ ಸುಲಭ ಮುಗಿಯಿತು. 200-4ಆರ್ ಉದ್ದದಲ್ಲಿ ಟಿಎಚ್350ರಷ್ಟೇ, 700ಆರ್4 ಅದಕ್ಕಿಂತ ಸುಮಾರು ಮೂರು ಇಂಚು ಉದ್ದ. ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಪೆಟ್ಟಿಗೆಯ ಕೆಳಗಿನ ಮೌಂಟಿನ ಜಾಗವೂ ಬೇರೆ. 1958ರಿಂದ 1964ರ ತನಕದ ಇಂಪಾಲಾ ಆದರೆ ಇನ್ನೂ ಕಷ್ಟ. ಅವುಗಳ ಚಾಸಿಸ್ ಇಂಗ್ಲಿಷಿನ ಎಕ್ಸ್ ಅಕ್ಷರದ ಆಕಾರದ್ದು. ಪೆಟ್ಟಿಗೆ ಕೂರುವ ಜಾಗ ಇಕ್ಕಟ್ಟು, ಶಾಫ್ಟ್ ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್. ಬ್ರಾಕೆಟ್ ಹೊಸದಾಗಿ ಮಾಡಿಸಬೇಕು, ಮುಂದಿನ ಶಾಫ್ಟನ್ನು ಗಿಡ್ಡ ಮಾಡಬೇಕು. 1965ರಿಂದ ಚಾಸಿಸ್ ಬದಲಾಯಿತು, ಕೆಲಸ ಹಗುರಾಯಿತು.

ಈ ಕಬ್ಬಿಣದ ಕೆಲಸಕ್ಕೆ ನಮ್ಮೂರಿನಲ್ಲಿ ಕೊರತೆ ಇಲ್ಲ. ಫೌಂಡ್ರಿ, ಲೇತು, ಮಷಿನ್ ಶಾಪ್‌ಗಳ ಉದ್ಯಮಬಾಗ ಇಲ್ಲೇ ಇದೆ. ಅಳತೆ ಸರಿ ಕೊಟ್ಟರೆ ಮೌಂಟು, ಬ್ರಾಕೆಟ್ಟು, ಶಾಫ್ಟು ಎಲ್ಲ ಆಗುತ್ತದೆ. ಪೆಟ್ಟಿಗೆಯ ಒಳಗಿನದು ಬೇರೆ ಜಾತಿ. ವಾಲ್ವ್ ಬಾಡಿಯ ಸಣ್ಣ ಓಣಿಗಳಲ್ಲಿ ಒಂದು ಚೂರು ಕಸ ಸಿಕ್ಕಿದರೆ ಗೇರು ಬೀಳುವುದಿಲ್ಲ. ಕ್ಲಚ್ ಪ್ಲೇಟು, ಸೀಲು ಹೊರಗಿನಿಂದ ಬರಬೇಕು. ಲಾರಿ ಗೇರ್‌ಬಾಕ್ಸ್ ಕಣ್ಣುಮುಚ್ಚಿ ಬಿಚ್ಚುವ ಮಿಸ್ತ್ರಿ ಕೂಡ ಇದನ್ನು ಮೊದಲ ಸಲ ಬಿಚ್ಚುತ್ತಿದ್ದರೆ, ಆ ಮೊದಲ ಸಲ ನಿಮ್ಮ ಗಾಡಿ ಆಗದಿರಲಿ. ರೆಡಿ ಮಾಡಿ ಟೆಸ್ಟ್ ಆದ ಪೆಟ್ಟಿಗೆಯನ್ನೇ ತರಿಸುವುದು ಜಾಣತನ.

ಎಲ್ಲ ಸರಿಯಾಗಿ ಕೂತ ಮೇಲೂ ಹೊಸ ಪೆಟ್ಟಿಗೆಯನ್ನು ಸುಡುವ ಒಂದು ತಂತಿ ಇದೆ. ಅದರ ಹೆಸರು ಟಿವಿ ಕೇಬಲ್, ಟಿವಿ ಎಂದರೆ ಇಲ್ಲಿ ಥ್ರಾಟಲ್ ವಾಲ್ವ್. ಕಾರ್ಬ್ಯುರೇಟರಿನಿಂದ ಪೆಟ್ಟಿಗೆಗೆ ಹೋಗುತ್ತದೆ. ನೀವು ಎಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬ ಸುದ್ದಿಯನ್ನು ಪೆಟ್ಟಿಗೆಗೆ ಮುಟ್ಟಿಸುತ್ತದೆ. ಆ ಸುದ್ದಿಯ ಮೇಲೆ ಒಳಗಿನ ಎಣ್ಣೆಯ ಒತ್ತಡ ನಿಂತಿದೆ. ಎಳೆತ ಕಡಿಮೆ ಆದರೆ ಒತ್ತಡ ಕಡಿಮೆ, ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯದೆ ಜಾರಿ ಸುಟ್ಟು ಹೋಗುತ್ತವೆ. ಹಳೆ ಕಾರ್ಬ್ಯುರೇಟರಿನ ಲಿವರಿಗೆ ಈ ಕೇಬಲಿನ ಎಳೆತ ಹೊಂದುವುದಿಲ್ಲ, ಸರಿಯಾದ ಬ್ರಾಕೆಟ್ ಹಾಕಿಯೇ ಸೆಟ್ ಮಾಡಬೇಕು. ಸುಮ್ನೆ ಗೇರು ಬೀಳ್ತಾ ಇದೆಯಲ್ಲ ಅಂತ ಓಡಿಸಿದರೆ ಕೆಲವೇ ದಿನಗಳಲ್ಲಿ ಪೆಟ್ಟಿಗೆ ಕೆಳಗಿಳಿಯುತ್ತದೆ.

ಲಾಕ್‌ಅಪ್‌ಗೆ ಕರೆಂಟ್ ಬೇಕು. ಈ ಪೆಟ್ಟಿಗೆ ಮೊದಲು ಇದ್ದ ಗಾಡಿಯಲ್ಲಿ ಕಂಪ್ಯೂಟರ್ ಅದನ್ನು ನೋಡಿಕೊಳ್ಳುತ್ತಿತ್ತು. ಇಲ್ಲಿ 12 ವೋಲ್ಟಿನ ವೈರು, ಬ್ರೇಕ್ ಒತ್ತಿದಾಗ ಬಿಡುವ ಸ್ವಿಚ್ಚು, ನಾಲ್ಕನೆಯ ಗೇರಿನಲ್ಲಿ ಮಾತ್ರ ಹಿಡಿಯುವ ಸ್ವಿಚ್ಚು ಬೇಕು. ವೈರಿಂಗ್ ಮಾಡದೆ ಬಿಟ್ಟರೆ ಗಾಡಿ ಓಡುತ್ತದೆ, ಆದರೆ ಎಣ್ಣೆಯಲ್ಲಿ ಜಾರುವುದು ಹಾಗೇ ಉಳಿಯುತ್ತದೆ. ಬೇರೆಯಾಗಿ ಒಂದು ಆಯಿಲ್ ಕೂಲರ್ ಹಾಕಿಸಿ, ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು.

ಹಣದ ಲೆಕ್ಕ

ಲೀಟರಿಗೆ 6 ಕೊಡುತ್ತಿದ್ದ ಗಾಡಿ ಒಟ್ಟಾರೆ 7 ಕೊಟ್ಟಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,000 ಕಿ.ಮೀ. ಓಡಿಸುತ್ತೀರಿ, ಹಳೆ ಕಾರಿಗೆ ಅದೇ ಜಾಸ್ತಿ. ಮೊದಲು 500 ಲೀಟರ್, ಈಗ 429. ಉಳಿದದ್ದು 71 ಲೀಟರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಹಿಡಿದರೆ ವರ್ಷಕ್ಕೆ 7,100 ರೂಪಾಯಿ. ಪೆಟ್ಟಿಗೆ, ಹಡಗಿನ ಬಾಡಿಗೆ, ಕಸ್ಟಮ್ಸ್, ಕೂಲಿ ಎಲ್ಲ ಸೇರಿ 3 ಲಕ್ಷ ಆಯಿತು ಎಂದರೆ ಆ ದುಡ್ಡು ವಾಪಸ್ ಬರಲು 42 ವರ್ಷ ಬೇಕು. ದುಡ್ಡು ಉಳಿಸಲು ಈ ಕೆಲಸ ಮಾಡುತ್ತೇನೆ ಎನ್ನುವವರು ಇಲ್ಲೇ ನಿಲ್ಲುವುದು ಒಳ್ಳೆಯದು. ಎಂಜಿನ್ ಸದ್ದು ಇಳಿಯಬೇಕು, ದೂರದ ಪ್ರಯಾಣ ಆರಾಮ ಆಗಬೇಕು, ಘಾಟಿನಲ್ಲಿ ಹಿಡಿತ ಬೇಕು ಎನ್ನುವವರು ಮುಂದೆ ಹೋಗಬಹುದು.

ಕಡಿಮೆ ಖರ್ಚಿನ ದಾರಿಗಳು ಮೊದಲು ಮುಗಿಯಲಿ. ನಮ್ಮಲ್ಲಿ ಗಾಡಿ ಬಿಸಿ ಆಯಿತೆಂದರೆ ಥರ್ಮೋಸ್ಟಾಟ್ ಕಿತ್ತು ಎಸೆಯುವ ಅಭ್ಯಾಸ ಇದೆ. ಆಮೇಲೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದನ್ನು ವಾಪಸ್ ಹಾಕಿಸಿ. ಕಿಡಿ ಹಾರುವ ಹೊತ್ತನ್ನು ಹೊಂದಿಸುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ ಕೆಲಸ ಮಾಡುತ್ತಿದೆಯಾ ನೋಡಿ. ಬ್ರೇಕ್ ಶೂ ಉಜ್ಜುತ್ತಿದೆಯಾ ಎಂದು ಚಕ್ರ ಎತ್ತಿ ತಿರುಗಿಸಿ. ಇನ್ನೊಂದು ಪುಕ್ಕಟೆ ಉಪಾಯವಿದೆ. 100ರ ಬದಲು 80ರಲ್ಲಿ ಹೋಗಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 80ಕ್ಕೆ ಹೋಲಿಸಿದರೆ 100ರಲ್ಲಿ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ.

ಪೆಟ್ಟಿಗೆ ಬದಲಿಸಿದ ಮೇಲೆ ಆವರೇಜ್ ಅಳೆಯುವಾಗ ಎರಡು ಕಡೆ ಲೆಕ್ಕ ತಪ್ಪಬಹುದು. ಸ್ಪೀಡೋಮೀಟರ್ ಕೇಬಲ್ ತಿರುಗಿಸುವ ಸಣ್ಣ ಗೇರು ಹೊಸ ಪೆಟ್ಟಿಗೆಯಲ್ಲಿ ಬೇರೆ ಇರುತ್ತದೆ, ಕಿಲೋಮೀಟರ್ ತಪ್ಪು ತೋರಿಸುತ್ತದೆ. ಫೋನಿನ ಜಿಪಿಎಸ್ ಜೊತೆ ತಾಳೆ ನೋಡಿ. ಎರಡನೆಯದು ಪೆಟ್ರೋಲೇ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿ ನಮ್ಮ ಹೊಲದ ಕಬ್ಬೇ ನಮ್ಮ ಟ್ಯಾಂಕಿಗೆ ಬಂದಿದ್ದರೂ ಆಶ್ಚರ್ಯವಿಲ್ಲ. ಆದರೆ ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಇ20 ತುಂಬಿದ ಟ್ಯಾಂಕಿನಲ್ಲಿ ಶೇ. 6-7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಹಿಂದಿನ ಆವರೇಜನ್ನು ಶುದ್ಧ ಪೆಟ್ರೋಲಿನ ಕಾಲದಲ್ಲಿ ಬರೆದಿಟ್ಟಿದ್ದರೆ ಇಂದಿನದಕ್ಕೆ ಅದನ್ನು ಹೋಲಿಸುವ ಹಾಗಿಲ್ಲ.

ಕಾಗದಪತ್ರದ ಮಾತು ಕೊನೆಗೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನೋಂದಣಿ 10 ವರ್ಷಕ್ಕೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಆ ದಾರಿಯಲ್ಲಿರುವವರು ಪೆಟ್ಟಿಗೆ ತರಿಸುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಲಿ. ಮೌಂಟು ಕೂರಿಸಲು ಚಾಸಿಸ್ ಕತ್ತರಿಸುವ ಮಿಸ್ತ್ರಿಗೆ ಬೇಡ ಎನ್ನಿ, ಬೋಲ್ಟಿನಿಂದ ಕೂರುವ ಬ್ರಾಕೆಟ್ಟೇ ಮಾಡಿಸಿ. ಇಳಿಸಿದ ಪವರ್‌ಗ್ಲೈಡ್, ಅದರ ಕನ್ವರ್ಟರ್, ಹಳೆ ಶಾಫ್ಟ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಎಣ್ಣೆ ತುಂಬಿ, ತೂತುಗಳನ್ನು ಮುಚ್ಚಿ, ಪ್ಲಾಸ್ಟಿಕ್ ಸುತ್ತಿ ಶೆಡ್ಡಿನ ಒಣ ಮೂಲೆಯಲ್ಲಿಡಿ. ಗಾಡಿ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.